ಪುಟ್ಟ ರೈಲಿಗೂ ಒಂದು ವೇಳಾಪಟ್ಟಿ

ಮಾದರಿ ರೈಲುಗಳಿಗೆ ವೇಳಾಪಟ್ಟಿ ಹಾಕುವ ತಂತ್ರಾಂಶದ ಮುಖ್ಯ ಕೆಲಸ ಗೆರೆ ಎಳೆಯುವುದು. ನಕ್ಷೆಯ ಒಂದು ಬದಿಯಲ್ಲಿ ನಿಲ್ದಾಣಗಳು, ಇನ್ನೊಂದು ಬದಿಯಲ್ಲಿ ಹೊತ್ತು. ಪ್ರತಿ ರೈಲಿಗೂ ಒಂದು ಓರೆ ಗೆರೆ. ಪ್ಯಾರಿಸ್–ಲಿಯೋನ್ ಮಾರ್ಗದ ಇಂಥ ನಕ್ಷೆ 1880ರ ದಶಕದಲ್ಲೇ ಅಚ್ಚಾಗಿತ್ತು. ನಮ್ಮ ರೈಲ್ವೆಯ ಕಂಟ್ರೋಲ್ ಕಚೇರಿಗಳಲ್ಲಿ ಈ ಚಾರ್ಟನ್ನು ಬಹುಕಾಲ ಕೈಯಲ್ಲೇ ಬರೆಯುತ್ತಿದ್ದರು, ಈಗ ಕಂಪ್ಯೂಟರ್ ಬರೆಯುತ್ತದೆ.

ಕೆ.ಆರ್. ನಗರದ ಮೇಲೆ ಹಾಯುವ ಮೈಸೂರು–ಅರಸೀಕೆರೆ ಮಾರ್ಗದಂಥ ಒಂಟಿ ಹಳಿಯಲ್ಲಿ ಎದುರುಬದುರು ಗೆರೆಗಳು ನಿಲ್ದಾಣದಲ್ಲೇ ಕೂಡಬೇಕು, ನಡುದಾರಿಯಲ್ಲಿ ಕೂಡಿದರೆ ಡಿಕ್ಕಿ. ಮೈಸೂರಿನಿಂದ ಕೆ.ಆರ್. ನಗರಕ್ಕೆ ಸುಮಾರು 40 ಕಿ.ಮೀ. ಎರಡೂ ಕಡೆಯಿಂದ 10 ಗಂಟೆಗೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೊರಟ ರೈಲುಗಳು 10.30ಕ್ಕೆ ಸರಿ ಅರ್ಧದಲ್ಲಿ ಸಂಧಿಸುತ್ತವೆ. ಅಲ್ಲಿ ಗಾಡಿ ಬದಿಗೆ ಸರಿದು ನಿಲ್ಲುವ ಲೂಪ್ ಲೈನ್ ಇಲ್ಲ, ಮೈಸೂರಿನಿಂದ 16ನೇ ಕಿ.ಮೀ.ನಲ್ಲಿದೆ ಎನ್ನೋಣ. ಮೈಸೂರಿನ ರೈಲು 10.24ಕ್ಕೆ ಅಲ್ಲಿ ನಿಂತು, 10.36ರವರೆಗೆ ಎದುರಿನ ಗಾಡಿಗೆ ಕಾಯಬೇಕು. ಕ್ರಾಸಿಂಗ್ ಎನ್ನುವುದು ಇದನ್ನೇ. ಪ್ರತಿ ಜೋಡಿ ಗೆರೆಗೂ ಈ ಲೆಕ್ಕ ಹಾಕಿ, ಯಾವ ರೈಲನ್ನು ನಿಲ್ಲಿಸಬೇಕೆಂದು ತಂತ್ರಾಂಶ ಗೊತ್ತುಮಾಡುತ್ತದೆ. ಎಕ್ಸ್‌ಪ್ರೆಸ್‌ಗಾಗಿ ಪ್ಯಾಸೆಂಜರ್ ಕಾಯುವ ವಾಡಿಕೆಯನ್ನೂ ಅದಕ್ಕೆ ಹೇಳಿಕೊಟ್ಟಿರಬೇಕು.

ಇಷ್ಟು ಸುಲಭ. ತೊಡಕಿರುವುದು ಗಡಿಯಾರದಲ್ಲಿ. ನಿಜದ 87ರಲ್ಲಿ ಒಂದು ಪಾಲಿನ ಎಚ್‌ಒ ಮಾದರಿಯಲ್ಲೂ ಆ 40 ಕಿ.ಮೀ. 460 ಮೀಟರ್ ಆಗುತ್ತದೆ. ಯಾವ ಮನೆಯ ಕೋಣೆಯಲ್ಲಿ ಅಷ್ಟು ಜಾಗ? 15 ಮೀಟರ್ ಹಳಿ ಹಾಕಿದರೆ ಗಾಡಿ ಅದೇ ಅಳತೆಯ ವೇಗದಲ್ಲಿ ಎರಡೇ ನಿಮಿಷಕ್ಕೆ ಕೆ.ಆರ್. ನಗರ ಮುಟ್ಟುತ್ತದೆ. ಅದನ್ನು ಒಂದು ಗಂಟೆಯ ಪಯಣ ಎನಿಸಲು ಗಡಿಯಾರವನ್ನು 30 ಪಟ್ಟು ಓಡಿಸಬೇಕು. ಆದರೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟುವ ಕೈ ಅಷ್ಟು ಬೇಗ ಆಡೀತೆ? ಎರಡು ನಿಮಿಷದ ಶಂಟಿಂಗ್ ವೇಳಾಪಟ್ಟಿಯ ಒಂದು ಗಂಟೆಯನ್ನು ನುಂಗುತ್ತದೆ. ಹಾಗಾಗಿ ಗಡಿಯಾರವನ್ನು ಆರು ಪಟ್ಟಿನ ಆಸುಪಾಸಿನಲ್ಲಿಟ್ಟು, ಓಟದ ಹೊತ್ತನ್ನು ಭೂಪಟದಿಂದ ತೆಗೆಯದೆ ಹಳಿಯ ಮೇಲೆ ಗಾಡಿ ಓಡಿಸಿ ಅಳೆದು ತುಂಬುವುದೇ ಜಾಣತನ. ಆಗ ಕೆ.ಆರ್. ನಗರ 12 ನಿಮಿಷದ ದಾರಿ, ಆ ಶಂಟಿಂಗೂ 12 ನಿಮಿಷ.

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ ಹೋಗಬೇಕಾದ ಮಾರ್ಗ ಇನ್ನೂ ಕಾಗದದಲ್ಲೇ ಇದೆ. ಮಾದರಿಗೆ ಆ ಅಡ್ಡಿಯಿಲ್ಲ: ಕೆ.ಆರ್. ನಗರದ ದಾರಿಯ ಬೆಳಗೊಳದಲ್ಲಿ ಕವಲೊಡೆಸಿ, ಹುಣಸೂರಿನಲ್ಲಿ ಹೊಗೆಸೊಪ್ಪು ತುಂಬಲು ಗೂಡ್ಸ್ ಸೈಡಿಂಗ್ ಹಾಕಬಹುದು. ತಂತ್ರಾಂಶದಲ್ಲಿ ಸೇರಬೇಕಾದ್ದು ಒಂದೇ ನಿಯಮ: ಕವಲಿನ ಪಾಯಿಂಟನ್ನು ಒಂದು ಹೊತ್ತಿಗೆ ಒಂದೇ ಗಾಡಿ ದಾಟಬೇಕು.