ಜುಂಜಪ್ಪನ ಹಾಡು ಹೊಸ ಕಂಪ್ಯೂಟರಿಗೆ ಬಂದ ಬಗೆ

ಮಿಡಿಗೇಶಿಯ ನಮ್ಮ ಮನೆಗೆ ರಾಸ್ಪ್‌ಬೆರಿ ಪೈ 400 ಬಂದಿದೆ. ಇಡೀ ಕಂಪ್ಯೂಟರು ಕೀಬೋರ್ಡಿನ ಒಳಗೇ ಅಡಗಿದೆ; ಹಜಾರದ ಟಿ.ವಿ.ಯೇ ಅದರ ಪರದೆ. 4 ಜಿಬಿ ಮೆಮೊರಿ, 5 ವೋಲ್ಟಿನ ಅಡಾಪ್ಟರು, ಫ್ಯಾನಿನ ಸದ್ದೇ ಇಲ್ಲ. ಹಳೆಯ ವಿಂಡೋಸ್ ಯಂತ್ರದಿಂದ ಇದಕ್ಕೆ ತರಬೇಕಾದದ್ದು ಎರಡು: ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಎಂಬ ಕೊಳಲಿನ ಜೊತೆ ಕೇಳಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ, ಅವರ ವೀರದೈವ ಜುಂಜಪ್ಪನ ಹಾಡುಗಳು, ಅವನ್ನು ಯೂನಿಕೋಡ್‌ಗೆ ತಿರುಗಿಸಲು ಸಿ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಮು.

ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದರೆ ಸಾಲದೆ ಎಂದು ಮನೆಯವರು ಕೇಳಿದರು. ಸಾಲದು. ಹಳೆಯದು ಇಂಟೆಲ್ ಪ್ರೊಸೆಸರಿನ ಯಂತ್ರ, ಇದು ಆರ್ಮ್. ಒಂದರ ಆದೇಶಗಳು ಇನ್ನೊಂದಕ್ಕೆ ತಿಳಿಯುವುದಿಲ್ಲ. ಬಿಬಿಸಿ ಮೈಕ್ರೋ ಎಂಬ ಹೋಮ್ ಕಂಪ್ಯೂಟರನ್ನು 1981ರಲ್ಲಿ ಹೊರತಂದ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿಯೇ 1985ರಲ್ಲಿ ಮೊದಲ ಆರ್ಮ್ ಚಿಪ್ಪನ್ನು ನಡೆಸಿ ತೋರಿಸಿತು. ಇಂದು ನಮ್ಮ ಜೇಬಿನ ಮೊಬೈಲುಗಳಲ್ಲಿ ಇರುವುದೂ ಅದೇ ವಂಶ. ನನ್ನ ಬಳಿ ಪ್ರೋಗ್ರಾಮಿನ ಮೂಲ ಬರಹವಿತ್ತು. ಹೊಸ ಯಂತ್ರದಲ್ಲೇ ಮತ್ತೆ ಕಂಪೈಲ್ ಮಾಡಿದೆ. ಒಂದೂ ದೂರಿಲ್ಲದೆ ಓಡಿತು. ಆದರೆ ಹೊರಬಂದ ಹಾಡುಗಳಲ್ಲಿ ತಲೆಕಟ್ಟಿಲ್ಲ, ದೀರ್ಘವಿಲ್ಲ, ಅರ್ಕಾವತ್ತಿಲ್ಲ.

ಕಾರಣ ಇಷ್ಟೇ. ಒಂದು ಬೈಟ್ 256 ಬೆಲೆಗಳಲ್ಲಿ ಒಂದನ್ನು ಹಿಡಿಯಬಲ್ಲದು. ಇಂಗ್ಲಿಷ್ ಅಕ್ಷರಗಳು 127ರೊಳಗೇ ಮುಗಿಯುತ್ತವೆ. ನುಡಿ ಫಾಂಟಿನ ತಲೆಕಟ್ಟು ಕುಳಿತಿರುವುದು 192ರಲ್ಲಿ. ಇಂಟೆಲ್ ಯಂತ್ರದ ಸಿ ಕಂಪೈಲರು ಬೈಟನ್ನು ಸಾಮಾನ್ಯವಾಗಿ −128ರಿಂದ 127ರವರೆಗಿನ ಸಂಖ್ಯೆಯಾಗಿ ಓದುವುದರಿಂದ ಆ 192 ಅಲ್ಲಿ −64 ಆಗುತ್ತದೆ. ‘ಸೊನ್ನೆಗಿಂತ ಕಡಿಮೆಯಿದ್ದರೆ ಕನ್ನಡದ ತುಣುಕು’ ಎಂಬ ನನ್ನ ಪ್ರೋಗ್ರಾಮಿನ ಪರೀಕ್ಷೆ ಅಲ್ಲಿ ಸರಿಯಾಗಿಯೇ ನಡೆಯುತ್ತಿತ್ತು. ಹೊಸ ಯಂತ್ರದ ಆರ್ಮ್ ಲಿನಕ್ಸ್‌ನಲ್ಲಿ 192 ಎಂದರೆ 192. ಅದು ಸೊನ್ನೆಗಿಂತ ಕಡಿಮೆಯಾಗುವುದೇ ಇಲ್ಲ. ‘127ಕ್ಕಿಂತ ಹೆಚ್ಚೇ’ ಎಂದು ಕೇಳುವಂತೆ ಬರೆದು, ಬೈಟನ್ನು ‘ಅನ್‌ಸೈನ್ಡ್’ ಎಂದು ಘೋಷಿಸಿದೆ. ಈಗ ಎರಡೂ ಯಂತ್ರಗಳಲ್ಲಿ ಒಂದೇ ಫಲಿತಾಂಶ.

ಇಷ್ಟೆಲ್ಲ ಏಕೆ ಬೇಕಾಯಿತು? ನುಡಿಯ ಹಳೆಯ ಕಡತಗಳಲ್ಲಿ ಇರುವುದು ಅಕ್ಷರವಲ್ಲ, ಅಕ್ಷರದ ಆಕಾರ. ‘ಕರ್ನಾಟಕ’ ಎಂಬುದು ಅಲ್ಲಿ ಎಂಟು ತುಣುಕು: ಕ-ದ ಒಡಲು, ತಲೆಕಟ್ಟು, ನ-ದ ಒಡಲು, ದೀರ್ಘ, ಅರ್ಕಾವತ್ತು, ಟ, ಮತ್ತೆ ಕ-ದ ಒಡಲು, ತಲೆಕಟ್ಟು. ಯೂನಿಕೋಡ್‌ನಲ್ಲಿ ಏಳು ಸಂಕೇತ: ಕ, ರ, ಹಲಂತ, ನ, ಆ-ಕಾರ, ಟ, ಕ. ಕಣ್ಣಿಗೆ ನಾ ಆದಮೇಲೆ ಕಾಣುವ ಅರ್ಕಾವತ್ತನ್ನು ಉಚ್ಚಾರಣೆಯ ಕ್ರಮದಂತೆ ನಾ-ದ ಹಿಂದಕ್ಕೆ ಒಯ್ದು ಕೂರಿಸಬೇಕು. ಹಟ್ಟಿಯ ಹಾಡಿನ ಎಷ್ಟೋ ಮಾತು ನಿಘಂಟಿನಲ್ಲಿ ಸಿಗುವುದಿಲ್ಲ; ಅರ್ಕಾವತ್ತು ಒಂದಕ್ಷರ ಜಾರಿದರೂ ಸ್ಪೆಲ್‌ಚೆಕ್ ಹಿಡಿಯಲಾರದು. ಹಾಡಿದ ಅಜ್ಜಂದಿರು ಹೋದಮೇಲೆ ಯಾರನ್ನು ಕೇಳುವುದು? ಹಾಗಾಗಿ ಸಾಲುಸಾಲನ್ನೂ ಪಕ್ಕಪಕ್ಕ ಇಟ್ಟು ಓದಿದೆ.

ಕೀಬೋರ್ಡಿನ ಚಿಂತೆ ಮಾತ್ರ ಇರಲಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ಹೆಸರಿನ ಕಗಪ ವಿನ್ಯಾಸ ಲಿನಕ್ಸ್‌ನ ಪಟ್ಟಿಯಲ್ಲೇ ಇದೆ. ಆರಿಸಿಕೊಂಡ ಕೂಡಲೇ ಬೆರಳುಗಳು ಹಳೆಯ ಅಭ್ಯಾಸದಲ್ಲೇ ಓಡಿದವು. ಅರವಿಂದ ವಿ.ಕೆ. ರೂಪಿಸಿದ ‘ನವಿಲು’ ಫಾಂಟ್ ಕೂಡ ಮುಕ್ತವಾಗಿ ಸಿಗುತ್ತದೆ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಆದರೂ ಪೇಜ್‌ಮೇಕರ್ ನಂಬಿದ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಫಾಂಟುಗಳೇ ಬಹುಕಾಲ ನಡೆದವು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಊರಿನ ಚರಿತ್ರೆ, ಸೋಬಾನೆ ಪದ, ವಂಶಾವಳಿ ಬರೆದಿಟ್ಟವರಿಗೆ ನನ್ನ ಕಳಕಳಿಯ ಮಾತು: ಹಳೆಯ ಕಂಪ್ಯೂಟರು ಇನ್ನೂ ಆನ್ ಆಗುತ್ತಿರುವಾಗಲೇ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸಿ, ಓದಿ ನೋಡಿ, ಇನ್ನೊಬ್ಬರ ಬಳಿಯೂ ಒಂದು ಪ್ರತಿ ಇಡಿ. ಮೂಲ ಕಡತವನ್ನು ಅಳಿಸಬೇಡಿ. ಅನುಮಾನ ಬಂದಾಗ ಹೋಲಿಸಿ ನೋಡಲು ಅದೇ ಬೇಕು.