1520 ಎಂದು ಹೇಗೆ ಗೊತ್ತಾಯಿತು?

ರಾಯಚೂರು ಕದನ ನಡೆದದ್ದು ಯಾವಾಗ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಥಟ್ಟನೆ ಹೇಳುತ್ತಾರೆ: 1520ರ ಮೇ 19. ಉತ್ತರ ಸರಿ. ಆದರೆ ಈ ಕದನವನ್ನು ಎಲ್ಲರಿಗಿಂತ ವಿವರವಾಗಿ ಬರೆದಿಟ್ಟ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಕೊಟ್ಟ ಇಸವಿ 1522. ಈ ಎರಡು ವರ್ಷದ ವ್ಯತ್ಯಾಸ ಬಗೆಹರಿದ ರೀತಿ ಉತ್ತರಕ್ಕಿಂತ ಸೊಗಸಾಗಿದೆ.

ನೂನಿಜ್ ವಿಜಯನಗರದಲ್ಲಿ ಇದ್ದದ್ದು 1535ರ ಸುಮಾರಿಗೆ. ಕದನ ಮುಗಿದು ಹದಿನೈದು ವರ್ಷವಾಗಿತ್ತು. ಅವನು ಬರೆದದ್ದು ಕೇಳಿದ್ದನ್ನು. ಹಾಗಿದ್ದೂ ಅವನ ಬರಹದ ಸಣ್ಣ ಸಣ್ಣ ಸಂಗತಿಗಳು ಬೆರಗು ಹುಟ್ಟಿಸುತ್ತವೆ. ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ವಶದಲ್ಲಿದ್ದ ರಾಯಚೂರು ಕೋಟೆಗೆ ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ, ಸೈನಿಕರು ಹಾರೆ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರಂತೆ. ಕಿತ್ತು ತಂದ ಕಲ್ಲಿಗೆ ಅದರ ಗಾತ್ರ ನೋಡಿ ಹತ್ತು, ಇಪ್ಪತ್ತು, ಐವತ್ತು ಹಣದವರೆಗೆ ಸ್ಥಳದಲ್ಲೇ ಬೆಲೆ! ಕುದುರೆ ಮಾರಲು ಬಂದಿದ್ದ ಕ್ರಿಸ್ಟೊವಾವೊ ಡ ಫಿಗೇರೆದೊ ತನ್ನ ಕೋವಿಕಾರರೊಂದಿಗೆ ಕೋಟೆಯ ಮೇಲಿದ್ದವರಿಗೆ ಗುರಿಯಿಟ್ಟು ಹೊಡೆದ. ಬಾಗಿ ನೋಡಿದ ಕಿಲ್ಲೇದಾರ ಹಣೆಗೆ ಗುಂಡು ತಗುಲಿ ಸತ್ತ.

ಈ ಮುತ್ತಿಗೆಯ ನಡುವೆ ಇಸ್ಮಾಯಿಲ್ ಕೃಷ್ಣಾ ನದಿ ದಾಟಿ ಬಂದ. ಆಗ ನಡೆದದ್ದೇ ಆ ಬಯಲಿನ ಕಾಳಗ. ಶುಕ್ರವಾರವೇ ಯುದ್ಧಕ್ಕೆ ಹೊರಡಬೇಕೆಂದಿದ್ದ ರಾಯನನ್ನು, ಆ ದಿನ ಒಳ್ಳೆಯದಲ್ಲವೆಂದು ಅವನ ಕಡೆಯವರೇ ತಡೆದರು. ಕಾಳಗ ಶನಿವಾರ ನಡೆಯಿತು. ಅಂದು ಹೊಸ ಚಂದ್ರನ ದಿನ ಎಂದೂ ನೂನಿಜ್ ಬರೆದಿದ್ದಾನೆ. ಇಸವಿ ಮರೆಯುವುದು ಸಹಜ. ಆದರೆ ಜಗಳ ಮಾಡಿ ಆರಿಸಿಕೊಂಡ ವಾರವನ್ನು ಜನ ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಈ ಎಳೆಯನ್ನು ಹಿಡಿದವನು ಮದ್ರಾಸಿನ ಅಧಿಕಾರಿ ರಾಬರ್ಟ್ ಸಿವೆಲ್. ಶಂಕರ ಬಾಲಕೃಷ್ಣ ದೀಕ್ಷಿತರೆಂಬ ಮರಾಠಿ ಜ್ಯೋತಿರ್ವಿದರ ಜೊತೆ ಸೇರಿ 1896ರಲ್ಲಿ ಭಾರತದ ಪಂಚಾಂಗಗಳ ಬಗ್ಗೆ ದೊಡ್ಡ ಗ್ರಂಥವನ್ನೇ ತಂದಿದ್ದವನು. ತಿಥಿ ವಾರಗಳ ಲೆಕ್ಕ ಅವನಿಗೆ ನೀರು ಕುಡಿದಷ್ಟು ಸಲೀಸು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಹಿಂದಕ್ಕೆ ಎಣಿಸುತ್ತ ಹೋದರೆ 1522ರ ಮೇ ತಿಂಗಳ ಅಮಾವಾಸ್ಯೆ ಮುಗಿಯುವುದು 25ರಂದು, ಭಾನುವಾರ. ವಾರ ಕೂಡಲಿಲ್ಲ. 1520ರಲ್ಲಿ ಅದು ಮುಗಿದದ್ದು ಮೇ 17ರ ಗುರುವಾರ ನಸುಕಿನಲ್ಲಿ. ಶುಕ್ರವಾರ ಸಂಜೆ ಪಡುವಣದಲ್ಲಿ ಎಳೆಚಂದ್ರ ಕಾಣಿಸಿರಬೇಕು. ಮುಸ್ಲಿಮರು ಚಂದ್ರನನ್ನು ಕಂಡ ಸಂಜೆಯಿಂದ ಹೊಸ ತಿಂಗಳು ಎಣಿಸುವುದರಿಂದ ಮೊದಲ ದಿನದ ಹಗಲು ಶನಿವಾರ, ಮೇ 19! ಪೋರ್ಚುಗೀಸರ ಬೇರೆ ದಾಖಲೆಗಳೂ 1520ರ ಕಡೆಗೇ ಬೊಟ್ಟು ಮಾಡುತ್ತವೆ. ಅಂದ ಹಾಗೆ, ಇದು ಹಳೆಯ ಜೂಲಿಯನ್ ಕ್ಯಾಲೆಂಡರಿನ ತಾರೀಕು. ಇಂದಿನ ಲೆಕ್ಕಕ್ಕೆ ಹತ್ತು ದಿನ ಸೇರಿಸಿದರೆ ಮೇ 29.

ಅದೇ ಕೋಟೆ ಕಟ್ಟಿದ ಇಸವಿಗೆ ಇಷ್ಟು ಒದ್ದಾಟ ಬೇಕಿಲ್ಲ. ಪಶ್ಚಿಮದ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲುಚಪ್ಪಡಿಯಿದೆ. ಅದರ ಮೇಲಿನ ತೆಲುಗು ಶಾಸನದ ಕಾಲ 1294. ಕಾಕತೀಯರ ಸಾಮಂತ ಗೋನ ಗನ್ನಾರೆಡ್ಡಿಯ ದಂಡನಾಯಕ ವಿಠಲನಾಥ ಆದವಾನಿ, ತುಂಬಳ, ಮಾನುವ, ಹಾಲುವ ಗೆದ್ದು, ಬಳಿಕ ರಾಯಚೂರಿನಲ್ಲಿ ಕೋಟೆ ಕಟ್ಟಿಸಿದ. ಆ ಮಾನುವವೇ ನಮ್ಮ ಮಾನ್ವಿ. ಪಕ್ಕದಲ್ಲಿ ಕೆತ್ತಿದ ಚಿತ್ರವನ್ನು ತಪ್ಪದೆ ನೋಡಿ: ಇದೇ ಚಪ್ಪಡಿಯನ್ನು ಬಂಡಿಯಲ್ಲಿ ಹೇರಿದ್ದಾರೆ, ಕೋಣಗಳ ಸಾಲು ಎಳೆಯುತ್ತಿದೆ, ಹಿಂದಿನಿಂದ ಜನ ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿದ್ದಾರೆ. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ನನಗಂತೂ ದಂಡನಾಯಕನಿಗಿಂತ ಅವರೇ ದೊಡ್ಡವರಾಗಿ ಕಾಣುತ್ತಾರೆ.

ತಿಥಿ ವಾರಗಳ ಇಂಥ ಲೆಕ್ಕವನ್ನು ನಾವೂ ಮಾಡಿ ನೋಡಬಹುದು. ದೇವದುರ್ಗ ತಾಲ್ಲೂಕಿನ ಗಬ್ಬೂರಿಗೆ ಹೋದವರಿಗೆ ಹಳೆಯ ಗುಡಿಗಳು, ಶಾಸನಗಳು ಸಿಗುತ್ತವೆ. ಶಾಸನಗಳಲ್ಲಿ ಸಾಮಾನ್ಯವಾಗಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇರುತ್ತವೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ. ವರ್ಷದ ಕೊನೆಯ ತಿಂಗಳುಗಳಾದರೆ 79. ತಿಥಿ, ವಾರ ಎರಡೂ ಹೊಂದಿದರೆ ಲೆಕ್ಕ ಗಟ್ಟಿ. ಹೊಂದದಿದ್ದರೆ ಕೆತ್ತಿದವನು ತಪ್ಪಿದನೋ ಓದಿದವರು ತಪ್ಪಿದರೋ ಎಂದು ಮತ್ತೆ ಕಲ್ಲಿನ ಹತ್ತಿರವೇ ಹೋಗಬೇಕು.