ಒಂದು ಕೋಟಿ ಚೀಟಿ, ಮೂರು ಸಾವಿರ ಕಾರ್ಡು

1935ರ ಅಕ್ಟೋಬರ್ 20ರಂದು ಅಮೆರಿಕದ ಪತ್ರಿಕೆಗಳಲ್ಲಿ ಜಾರ್ಜ್ ಗ್ಯಾಲಪ್ ಅವರ ಜನಾಭಿಪ್ರಾಯ ಅಂಕಣ ಶುರುವಾಯಿತು. ಮೊದಲ ಕಂತಿನ ಪ್ರಶ್ನೆ ಇದು: ಸಂತ್ರಸ್ತರ ಪರಿಹಾರಕ್ಕೆ, ಆರ್ಥಿಕ ಚೇತರಿಕೆಗೆ ಸರ್ಕಾರ ಮಾಡುತ್ತಿರುವ ಖರ್ಚು ಹೆಚ್ಚಾಯಿತೇ, ಕಡಿಮೆಯಾಯಿತೇ, ಸರಿಯಾಗಿದೆಯೇ? ಹೆಚ್ಚಾಯಿತು ಎಂದವರು ಶೇ 60. ಸರಿಯಾಗಿದೆ ಎಂದವರು ಶೇ 31. ಸಾಲದು ಎಂದವರು ಶೇ 9 ಮಾತ್ರ. ಇದಕ್ಕೆ ಎರಡೇ ವರ್ಷ ಹಿಂದೆ, 1933ರಲ್ಲಿ, ಅದೇ ದೇಶದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ.

ಈ 60ರ ಎದುರು ನಿಂತಾಗ ಮೊದಲು ಕೇಳಬೇಕಾದದ್ದು, ಉತ್ತರ ಕೊಟ್ಟವರು ಯಾರು ಎಂದು. ಗ್ಯಾಲಪ್ ಅವರಿಗೆ ಚುನಾವಣೆಯ ಫಲಿತಾಂಶ ಹೇಳಬೇಕಿತ್ತು, ಹಾಗಾಗಿ ಮಾದರಿಯನ್ನು ಮತ ಹಾಕುವವರ ಅಳತೆಗೆ ಹೊಲಿದಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಮತಗಟ್ಟೆಯಿಂದ ದೂರವಿಡಲಾಗಿದ್ದ ಕಪ್ಪು ಜನ ಈ ಎಣಿಕೆಗೆ ಬರಲೇ ಇಲ್ಲ. ಹೆಂಗಸರ ಪಾಲು ಅವರ ಸಂಖ್ಯೆಗಿಂತ ಕಡಿಮೆಯಿತ್ತು. ಪರಿಹಾರದ ಅಗತ್ಯ ಹೆಚ್ಚಾಗಿದ್ದವರು ಪರಿಹಾರದ ಬಗೆಗಿನ ಸಮೀಕ್ಷೆಯಲ್ಲಿ ಕಡಿಮೆಯಾಗಿದ್ದರು. ಆರ್ಥಿಕ ಕುಸಿತದ ಕಾಲದ ಜನಾಭಿಪ್ರಾಯದ ಅಂಕಿಗಳಲ್ಲಿ ಅಂದಿನಿಂದ ಇಂದಿನವರೆಗೂ ಇದೇ ಊನ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತಿದೆ.

ಮರುವರ್ಷದ ಕಥೆ ಸಂಖ್ಯಾಶಾಸ್ತ್ರದ ಪಠ್ಯಗಳಲ್ಲಿ ಹೆಸರುವಾಸಿ. ಆದರೆ ಅದರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ಕಡಿಮೆ. 1936ರ ಅಧ್ಯಕ್ಷ ಚುನಾವಣೆಗೆ ಮುನ್ನ 'ಲಿಟರರಿ ಡೈಜೆಸ್ಟ್' ವಾರಪತ್ರಿಕೆ ಅಂಚೆಯಲ್ಲಿ ಕಳಿಸಿದ ಅಣಕು ಮತಚೀಟಿಗಳು ಸುಮಾರು 1 ಕೋಟಿ. ತಿರುಗಿ ಬಂದವು 23,76,523. ಇವುಗಳಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಆಲ್ಫ್ ಲ್ಯಾಂಡನ್‌ಗೆ 12,93,669, ಅಧ್ಯಕ್ಷ ರೂಸ್‌ವೆಲ್ಟ್‌ಗೆ 9,72,897. ಇಬ್ಬರಿಗೇ ಹಂಚಿದರೆ 57ಕ್ಕೆ 43. ಲ್ಯಾಂಡನ್‌ಗೆ 370 ಎಲೆಕ್ಟೋರಲ್ ಮತ, ರೂಸ್‌ವೆಲ್ಟ್‌ಗೆ 161 ಎಂದು ಪತ್ರಿಕೆ ಬರೆಯಿತು. 1916ರಿಂದ 1932ರವರೆಗಿನ ಐದು ಚುನಾವಣೆಗಳಲ್ಲೂ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದ ಪತ್ರಿಕೆ ಅದು. ನಂಬದಿರಲು ಹೆಚ್ಚಿನವರಿಗೆ ಕಾರಣವಿರಲಿಲ್ಲ.

ಚುನಾವಣೆಯಲ್ಲಿ ರೂಸ್‌ವೆಲ್ಟ್‌ಗೆ ಬಿದ್ದದ್ದು ಶೇ 60.8ರಷ್ಟು ಮತ. ಎಲೆಕ್ಟೋರಲ್ ಲೆಕ್ಕದಲ್ಲಿ 523ಕ್ಕೆ 8. ಲ್ಯಾಂಡನ್ ಗೆದ್ದದ್ದು ಮೇನ್ ಮತ್ತು ವರ್ಮಾಂಟ್ ಎಂಬ ಎರಡು ಸಣ್ಣ ರಾಜ್ಯಗಳನ್ನು ಮಾತ್ರ.

ಇಲ್ಲೊಂದು ಸರಳ ಗಣಿತವಿದೆ. ಯಾರನ್ನು ಬೇಕಾದರೂ ಸಮಾನ ಅವಕಾಶದಲ್ಲಿ ಆರಿಸಿ ಕೇಳಿದ್ದೇ ಆದರೆ, 1,000 ಜನರ ಮಾದರಿಯಲ್ಲಿ ತಪ್ಪಿನ ಅಂತರ ಹೆಚ್ಚುಕಡಿಮೆ 3 ಅಂಶ. ಅದನ್ನು ಅರ್ಧಕ್ಕಿಳಿಸಲು 4,000 ಜನ ಬೇಕು. ಸುಮಾರು 24 ಲಕ್ಷ ಜನರಾದರೆ ಅಂತರ 0.06 ಅಂಶಕ್ಕೆ ಇಳಿಯಬೇಕು. ಡೈಜೆಸ್ಟ್ ತಪ್ಪಿದ್ದು 19 ಅಂಶಕ್ಕೂ ಹೆಚ್ಚು. ಮಾದರಿಯ ಗಾತ್ರ ಕೊಡುವ ಭರವಸೆಗಿಂತ ಸುಮಾರು 300 ಪಟ್ಟು.

ಖರ್ಚನ್ನೂ ನೋಡಿ. ಆಗ ಅಮೆರಿಕದಲ್ಲಿ ಒಂದು ಪೋಸ್ಟ್‌ಕಾರ್ಡಿನ ದರ 1 ಸೆಂಟ್. ಆ ಕನಿಷ್ಠ ದರದಲ್ಲೇ ಲೆಕ್ಕ ಹಿಡಿದರೂ 1 ಕೋಟಿ ಚೀಟಿಗೆ 1 ಲಕ್ಷ ಡಾಲರ್. ವಿಳಾಸ ಬರೆಯುವ ಗುಮಾಸ್ತರ ಕೂಲಿ, ಮುದ್ರಣ, ಮರಳಿ ಬರುವ ಅಂಚೆ ಎಲ್ಲ ಬೇರೆ. ಗ್ಯಾಲಪ್ ಡೈಜೆಸ್ಟ್ ಬಳಸುವಂಥದೇ ವಿಳಾಸ ಪಟ್ಟಿಗಳಿಂದ 3,000 ಜನರನ್ನು ಆರಿಸಿ ಕಾರ್ಡು ಕಳಿಸಿದರು. ಅದೇ ದರದಲ್ಲಿ 30 ಡಾಲರ್. ಡೈಜೆಸ್ಟ್ ಇನ್ನೂ ಚೀಟಿ ಕಳಿಸುವ ಮೊದಲೇ, ಜುಲೈನಲ್ಲಿ, ಆ ಪತ್ರಿಕೆಗೆ ಲ್ಯಾಂಡನ್ 56, ರೂಸ್‌ವೆಲ್ಟ್ 44 ಎಂಬ ಫಲಿತಾಂಶ ಸಿಗಲಿದೆ, ಅದು ತಪ್ಪಾಗಲಿದೆ ಎಂದು ಪ್ರಕಟಿಸಿದರು. ಸಂಪಾದಕ ವಿಲ್ಫ್ರೆಡ್ ಫಂಕ್ ಕೆಂಡವಾದರು. ನವೆಂಬರಿನಲ್ಲಿ ಗ್ಯಾಲಪ್ ಹೇಳಿದ್ದು ಒಂದೇ ಅಂಶದ ಅಂತರದಲ್ಲಿ ನಿಜವಾಯಿತು. 1938ರಲ್ಲಿ ಪತ್ರಿಕೆ ಮುಚ್ಚಿತು.

ತಪ್ಪು ಎಲ್ಲಿ ಹುಟ್ಟಿತು? ವಿಳಾಸಗಳು ಮುಖ್ಯವಾಗಿ ಬಂದದ್ದು ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ. 1930ರಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಸುಮಾರು 41ರಲ್ಲಿ ಫೋನ್ ಇತ್ತು. 1933ಕ್ಕೆ ಅದು ಸುಮಾರು 31ಕ್ಕೆ ಇಳಿಯಿತು, 1936ರಲ್ಲೂ ಹೆಚ್ಚೇನೂ ಏರಿರಲಿಲ್ಲ. ಕೆಲಸ ಹೋದ ಕುಟುಂಬ ಫೋನಿನ ಬಾಡಿಗೆ ಕಟ್ಟಲಾಗದೆ ಅದನ್ನು ಬಿಟ್ಟುಕೊಟ್ಟಿತು, ಅದರೊಂದಿಗೆ ಡೈರೆಕ್ಟರಿಯಿಂದಲೂ ಹೊರಬಿತ್ತು. ಮಹಾಕುಸಿತ ತಾನು ಬಡವಾಗಿಸಿದವರನ್ನು ತನ್ನ ಕೈಯಾರೆ ಪಟ್ಟಿಯಿಂದ ಅಳಿಸುತ್ತಿತ್ತು. ಪಾಠಗಳಲ್ಲಿ 'ಶ್ರೀಮಂತರ ಪಟ್ಟಿ' ಎಂದು ಹೇಳಿ ಮುಗಿಸುವುದು ಇದನ್ನೇ. ಆದರೆ ಆ ಪಟ್ಟಿ ಹುಟ್ಟಿನಿಂದ ಹಾಗಿರಲಿಲ್ಲ, ಕಾಲ ಕೆಟ್ಟಾಗ ಹಾಗಾಯಿತು.

ಪಟ್ಟಿಯೊಂದೇ ಕಾರಣವೂ ಅಲ್ಲ. ಷಿಕಾಗೊದಲ್ಲಿ ಡೈಜೆಸ್ಟ್ ಮತದಾರರ ನೋಂದಣಿಯಿಂದಲೇ ಪ್ರತಿ ಮೂರನೆಯ ಹೆಸರನ್ನು ಆರಿಸಿತ್ತು. ಅಲ್ಲಿ ಬಡವರೂ ಇದ್ದರು. ಉತ್ತರ ಕಳಿಸಿದವರು ಐವರಲ್ಲಿ ಒಬ್ಬರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಲ್ಯಾಂಡನ್ ಕಡೆ. ಚುನಾವಣೆಯಲ್ಲಿ ಅದೇ ಷಿಕಾಗೊ ರೂಸ್‌ವೆಲ್ಟ್‌ಗೆ ಎರಡಕ್ಕೆ ಒಂದರಂತೆ ಮತ ಕೊಟ್ಟಿತು. 1988ರಲ್ಲಿ ರಾಜ್ಯಶಾಸ್ತ್ರಜ್ಞ ಪೆವರಿಲ್ ಸ್ಕ್ವೈರ್ 1937ರ ಒಂದು ಸಮೀಕ್ಷೆಯ ಅಂಕಿಗಳನ್ನು ಕೆದಕಿ ನೋಡಿದರು. ಚೀಟಿ ತಲುಪಿದವರೆಲ್ಲ ಉತ್ತರಿಸಿದ್ದರೆ ಡೈಜೆಸ್ಟ್ ಗೆಲುವನ್ನು ರೂಸ್‌ವೆಲ್ಟ್‌ಗೇ ಕೊಡುತ್ತಿತ್ತು ಎಂಬುದು ಅವರು ಕಂಡದ್ದು. ಸರ್ಕಾರದ ಮೇಲೆ ಸಿಟ್ಟಿದ್ದವರು ಕಾರ್ಡು ತುಂಬಿ ಅಂಚೆಗೆ ಹಾಕಿದರು, ಒಪ್ಪಿದವರು ಸುಮ್ಮನಿದ್ದರು.

ಗ್ಯಾಲಪ್ ಅಂಕಣವನ್ನು ಪತ್ರಿಕೆಗಳಿಗೆ ಹಣ ವಾಪಸಿನ ಭರವಸೆಯೊಂದಿಗೆ ಮಾರಿದ್ದರು, ಆ ಭರವಸೆ ಉಳಿಯಿತು. ಆದರೂ ರೂಸ್‌ವೆಲ್ಟ್‌ಗೆ ಅವರು ಕೊಟ್ಟದ್ದು ಶೇ 56. ನಿಜಕ್ಕಿಂತ ಸುಮಾರು 5 ಅಂಶ ಕಡಿಮೆ, ಡೈಜೆಸ್ಟ್ ತಪ್ಪಿದ ದಿಕ್ಕಿಗೇ. ಗೆದ್ದವರನ್ನು ಸರಿಯಾಗಿ ಹೆಸರಿಸಿದ್ದರಿಂದ ಆ 5 ಅಂಶವನ್ನು ಆಗ ಯಾರೂ ದೊಡ್ಡದು ಮಾಡಲಿಲ್ಲ.

2008ರ ಆರ್ಥಿಕ ಕುಸಿತಕ್ಕೆ ಬರೋಣ. ಆ ಅಕ್ಟೋಬರಿನ ಗ್ಯಾಲಪ್ ಸಮೀಕ್ಷೆಯಲ್ಲಿ ದೇಶ ಸಾಗುತ್ತಿರುವ ರೀತಿ ತೃಪ್ತಿ ತಂದಿದೆ ಎಂದ ಅಮೆರಿಕನ್ನರು ಶೇ 7. 2001ರ ಸೆಪ್ಟೆಂಬರಿನಲ್ಲಿ ಶೇ 90ರಷ್ಟಿದ್ದ ಅಧ್ಯಕ್ಷ ಬುಷ್ ಅವರ ಜನಮೆಚ್ಚುಗೆ 25ಕ್ಕೆ ಕುಸಿದಿತ್ತು. ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರ್ ಕೊಡುವ ಮಸೂದೆ ಅದರ ಹಿಂದಿನ ತಿಂಗಳು, ಸೆಪ್ಟೆಂಬರಿನಲ್ಲಿ, ಸಂಸತ್ತಿನ ಮುಂದಿತ್ತು. ಜನ ಏನೆಂದರು? ಹಣಕಾಸು ಸಂಸ್ಥೆಗಳನ್ನೂ ಮಾರುಕಟ್ಟೆಯನ್ನೂ ಭದ್ರವಾಗಿಡಲು ಸರ್ಕಾರ ಹಣ ಹೂಡುವುದು ಸರಿಯೇ ಎಂದು ಪ್ಯೂ ಸಂಶೋಧನಾ ಕೇಂದ್ರ ಕೇಳಿತು. ಸರಿ ಎಂದವರು ಶೇ 57, ತಪ್ಪು ಎಂದವರು ಶೇ 30. ಅದೇ ಸೆಪ್ಟೆಂಬರಿನಲ್ಲಿ ಬ್ಲೂಮ್‌ಬರ್ಗ್ ಮತ್ತು ಲಾಸ್ ಏಂಜಲಿಸ್ ಟೈಮ್ಸ್ ಸೇರಿ ಕೇಳಿದ್ದು, ಖಾಸಗಿ ಕಂಪನಿಗಳನ್ನು ತೆರಿಗೆದಾರರ ದುಡ್ಡಿನಲ್ಲಿ ಪಾರುಮಾಡುವುದು ಸರ್ಕಾರದ ಹೊಣೆಯೇ ಎಂದು. ಅಲ್ಲ ಎಂದವರು ಶೇ 55, ಹೌದು ಎಂದವರು ಶೇ 31. ಮಸೂದೆ ಒಂದೇ, ಜನ ಅವರೇ. ಒಂದರಲ್ಲಿ ಹೂಡಿಕೆ, ಇನ್ನೊಂದರಲ್ಲಿ ತಮ್ಮ ತೆರಿಗೆ ಹಣ. ಸೆಪ್ಟೆಂಬರ್ 29ರಂದು ಪ್ರತಿನಿಧಿ ಸಭೆ ಅದನ್ನು 228–205ರಿಂದ ತಿರಸ್ಕರಿಸಿತು. ಅಂದೇ ಡೌ ಜೋನ್ಸ್ ಸೂಚ್ಯಂಕ 777 ಅಂಶ ಬಿತ್ತು. ಅಕ್ಟೋಬರ್ 3ರಂದು ಮಸೂದೆ ಅಂಗೀಕಾರವಾಗಿ ಬುಷ್ ಸಹಿ ಹಾಕಿದರು. 2010ರ ಜುಲೈನಲ್ಲಿ ಇದು ಯಾರ ಕಾಲದ ಕಾನೂನು ಎಂದು ಪ್ಯೂ ಕೇಳಿದಾಗ ಬುಷ್ ಎಂದವರು ಶೇ 34, ಒಬಾಮ ಎಂದವರು ಶೇ 47. ಆ ನವೆಂಬರಿನಲ್ಲಿ ಒಬಾಮ ಅವರ ಪಕ್ಷ ಕೆಳಮನೆಯಲ್ಲಿ 63 ಸ್ಥಾನ ಕಳೆದುಕೊಂಡಿತು.

ಫೋನಿನ ಕಥೆ ಈ ಕುಸಿತದಲ್ಲೂ ಮರುಕಳಿಸಿತು. 2008ರ ದ್ವಿತೀಯಾರ್ಧಕ್ಕೆ ಐದು ಮನೆಗಳಲ್ಲಿ ಒಂದು ಲ್ಯಾಂಡ್‌ಲೈನ್ ಬಿಟ್ಟು ಮೊಬೈಲ್ ಮಾತ್ರ ಇಟ್ಟುಕೊಂಡಿತ್ತು, ಬಡವರಲ್ಲಿ ಆ ಪ್ರಮಾಣ ಇನ್ನೂ ಹೆಚ್ಚು. ಯಂತ್ರದಿಂದ ತಾನಾಗಿ ಮೊಬೈಲಿಗೆ ಕರೆ ಮಾಡುವುದಕ್ಕೆ ಅಲ್ಲಿ 1991ರ ಕಾನೂನಿನ ತಡೆಯಿತ್ತು, ಕೈಯಿಂದಲೇ ನಂಬರ್ ಒತ್ತಬೇಕಿತ್ತು. ಹಾಗಾಗಿ ಮೊಬೈಲಿನ ಒಂದು ಸಂದರ್ಶನಕ್ಕೆ ಲ್ಯಾಂಡ್‌ಲೈನಿನ ಒಂದೂವರೆಯಿಂದ ಎರಡು ಪಟ್ಟು ಖರ್ಚು. ಬಡವರ ಮಾತು ಕೇಳುವುದೇ ದುಬಾರಿಯಾಯಿತು. ಜೊತೆಗೆ ಕರೆಗೆ ಉತ್ತರಿಸುವವರೂ ಕರಗಿದರು. ಪ್ಯೂ ಫೋನ್ ಸಮೀಕ್ಷೆಗಳಲ್ಲಿ 1997ರಲ್ಲಿ ಶೇ 36 ಉತ್ತರ ಸಿಗುತ್ತಿತ್ತು, 2012ರಲ್ಲಿ ಶೇ 9, 2018ರಲ್ಲಿ ಶೇ 6. ಸಾವಿರ ಉತ್ತರಕ್ಕೆ 1997ರಲ್ಲಿ ಸುಮಾರು 2,800 ಜನರನ್ನು ಹಿಡಿಯಬೇಕಿತ್ತು, 2018ರಲ್ಲಿ 16,700. ಪತ್ರಿಕೆಯಲ್ಲಿ ಅಚ್ಚಾಗುವುದು ಆ ಸಾವಿರ ಮಾತ್ರ. ಉಳಿದ 15,700ರ ಲೆಕ್ಕವೂ ಶೇಕಡಾವಾರಿನ ಪಕ್ಕದಲ್ಲೇ, ಅದೇ ಅಕ್ಷರದ ಗಾತ್ರದಲ್ಲಿ ಅಚ್ಚಾಗಬೇಕು. ನಮ್ಮ ಕನ್ನಡ ಪತ್ರಿಕೆಗಳಿಂದ, ಟಿವಿ ವಾಹಿನಿಗಳಿಂದ ನಾನು ಕೇಳುವುದೂ ಇಷ್ಟೇ.

ನಮ್ಮಲ್ಲೂ ಕುಸಿತದ ಕಾಲದ ಅಳತೆಯೊಂದಿದೆ. ರಿಸರ್ವ್ ಬ್ಯಾಂಕಿನ ಗ್ರಾಹಕ ವಿಶ್ವಾಸ ಸಮೀಕ್ಷೆ ಆದಾಯ, ಉದ್ಯೋಗ, ಬೆಲೆ, ಖರ್ಚು, ಒಟ್ಟು ಆರ್ಥಿಕ ಸ್ಥಿತಿಯ ಬಗ್ಗೆ ನಗರವಾಸಿ ಕುಟುಂಬಗಳನ್ನು ಕೇಳುತ್ತದೆ. 100 ಎಂದರೆ ಸಮಸ್ಥಿತಿ, ಕೆಳಗಿಳಿದಷ್ಟೂ ನಿರಾಶೆ. ಕೋವಿಡ್‌ನ ಎರಡನೇ ಅಲೆಯಲ್ಲಿ, 2021ರ ಮೇನಲ್ಲಿ, ಅದು 48.5ಕ್ಕೆ ಇಳಿದು ಅಲ್ಲಿಯವರೆಗಿನ ಕನಿಷ್ಠ ಮಟ್ಟ ಮುಟ್ಟಿತು. ಹಿಂದಿನ ವರ್ಷದ ಮೇನಲ್ಲಿ 63.7 ಇತ್ತು. 2020ರ ಆ ಸುತ್ತನ್ನು ಲಾಕ್‌ಡೌನ್ ಕಾರಣಕ್ಕೆ ಫೋನಿನಲ್ಲೇ ನಡೆಸಲಾಯಿತು, ಮೇ 5ರಿಂದ 17ರವರೆಗೆ, ಬೆಂಗಳೂರೂ ಸೇರಿ 13 ನಗರಗಳಲ್ಲಿ.

ಅದೇ ಮೇ 5ರಂದು ಕರ್ನಾಟಕ ಸರ್ಕಾರ ಕಟ್ಟಡ ನಿರ್ಮಾಣಗಾರರ ಜೊತೆ ಸಭೆ ನಡೆಸಿತು. ಅದರ ಬೆನ್ನಿಗೇ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳನ್ನು ನಿಲ್ಲಿಸಲು ರೈಲ್ವೆಗೆ ಪತ್ರ ಬರೆಯಿತು. ಟೀಕೆ ಜೋರಾದ ಮೇಲೆ ಎರಡು ದಿನದಲ್ಲಿ ನಿಲುವು ಬದಲಿಸಿತು. ಆ ದಿನಗಳಲ್ಲಿ ಸರ್ಕಾರದ ಬಗ್ಗೆ, ಆರ್ಥಿಕತೆಯ ಬಗ್ಗೆ ಅತ್ಯಂತ ಸ್ಪಷ್ಟ ಅಭಿಪ್ರಾಯವಿದ್ದವರು ಶೆಡ್ಡುಗಳಲ್ಲಿದ್ದರು, ತುಮಕೂರು ರಸ್ತೆಯಲ್ಲಿ ನಡೆಯುತ್ತಿದ್ದರು. ಹಲವರ ಫೋನಿನಲ್ಲಿ ಕರೆನ್ಸಿ ಇರಲಿಲ್ಲ. 'ನಗರದ ಕುಟುಂಬ' ಎಂಬ ಘಟಕದ ಮೇಲೆ ನಿಂತ ಮಾದರಿಯಲ್ಲಿ ಅವರಿಗೆ ಸಾಲೂ ಇರಲಿಲ್ಲ. ಅವರನ್ನೂ ಕೇಳಿದ್ದರೆ 63.7 ಎಷ್ಟಾಗುತ್ತಿತ್ತು ಎಂಬುದಕ್ಕೆ ಯಾವ ತಪ್ಪಿನ ಅಂತರದ ಸೂತ್ರವೂ ಉತ್ತರ ಕೊಡುವುದಿಲ್ಲ.